ಮದುವೆ ಡಿವಿಡಿ ಕುಗ್ಗಿಸುವ ‘ಗುಪ್ತ ಸೆಟ್ಟಿಂಗ್’: ಸೈಜ್ ಇಳಿಸಿದರೂ ಕ್ವಾಲಿಟಿ ಉಳಿಯುತ್ತದೆಯೇ?

ಹಳೆಯ ಮದುವೆ ಡಿವಿಡಿಗಳನ್ನು ಮೊಬೈಲಿಗೆ ಹಾಕಿಕೊಳ್ಳುವ ಬಗ್ಗೆ ಓಡಾಡುವ ಸಲಹೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಡಿವಿಡಿ ಕುಗ್ಗಿಸುವ ಸಾಫ್ಟ್‌ವೇರಿನಲ್ಲಿ ಒಂದು ಗುಪ್ತ ಸೆಟ್ಟಿಂಗ್ ಇದೆಯಂತೆ. ಅದನ್ನು ಆನ್ ಮಾಡಿದರೆ ಫೈಲ್ ಅರ್ಧಕ್ಕೆ ಇಳಿಯುತ್ತದೆ, ಚಿತ್ರ ಮಾತ್ರ ಇದ್ದ ಹಾಗೇ ಇರುತ್ತದೆಯಂತೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ ಎನ್ನುವವರೂ ಇದ್ದಾರೆ.

ಚುಟುಕಾಗಿ ಉತ್ತರ ಇಷ್ಟು. ಸೆಟ್ಟಿಂಗ್ ಇರುವುದು ನಿಜ, ಅದರಿಂದ ಉಪಯೋಗ ಆಗುವುದೂ ನಿಜ. ಆದರೆ ಅದು ನಷ್ಟವನ್ನು ತಪ್ಪಿಸುವುದಿಲ್ಲ. ಆಗಲೇಬೇಕಾದ ನಷ್ಟ ಚಿತ್ರದ ಯಾವ ಭಾಗದಲ್ಲಿ ಆಗಲಿ, ಯಾವ ರೂಪದಲ್ಲಿ ಆಗಲಿ ಎಂಬುದನ್ನಷ್ಟೇ ಬದಲಿಸುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಡಿಸ್ಕನ್ನು ಕುಗ್ಗಿಸಿ, ‘ಹೇಗೂ ಕಾಪಿ ಆಯಿತಲ್ಲ’ ಎಂದು ಮೂಲ ಡಿಸ್ಕನ್ನು ಎಸೆದರೆ, ಕಳೆದುಹೋದದ್ದನ್ನು ಮತ್ತೆ ತರಲು ಯಾವ ಸಾಫ್ಟ್‌ವೇರಿಗೂ ಆಗುವುದಿಲ್ಲ. ಮದುವೆಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಎಷ್ಟೋ ಮನೆಗಳಲ್ಲಿ ತೀರಿಕೊಂಡ ಅಜ್ಜಿ ನಡೆದಾಡುವುದು, ಮಾತಾಡುವುದು, ನಗುವುದು ಉಳಿದಿರುವುದು ಆ ಒಂದು ಡಿಸ್ಕಿನಲ್ಲಿ ಮಾತ್ರ.

ಈ ಲೇಖನದ ಉದಾಹರಣೆಗಳಿಗೆ ನಾವು ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ಯಾವುದೋ ಮನೆಯ ಅಲಮಾರಿಯಲ್ಲಿ ಇರಬಹುದಾದ ಒಂದು ಮದುವೆ ಡಿಸ್ಕನ್ನು ಕಲ್ಪಿಸಿಕೊಂಡಿದ್ದೇವೆ. ಅದಕ್ಕೊಂದು ಕಾರಣವಿದೆ. ಭಾಗ್ಯನಗರ ನೇಕಾರರ ಊರು. ಅಲ್ಲಿಯ ಮದುವೆಯೆಂದರೆ ಪರದೆಯ ತುಂಬಾ ಸೀರೆಗಳು. ವಿಡಿಯೊ ಕುಗ್ಗಿಸಿದಾಗ ಮೊದಲು ಪೆಟ್ಟು ತಿನ್ನುವುದೂ ಸೀರೆಯೇ.

ಡಿಸ್ಕಿನಲ್ಲಿ ಇರುವುದೆಷ್ಟು?

ಸಾಮಾನ್ಯ ಡಿವಿಡಿಯ ಮೇಲೆ 4.7 ಜಿಬಿ ಎಂದು ಬರೆದಿರುತ್ತದೆ. ಕಂಪ್ಯೂಟರಿಗೆ ಹಾಕಿದರೆ 4.38 ಎಂದಷ್ಟೇ ತೋರಿಸುತ್ತದೆ. ಅಂಗಡಿಯವರೇನೂ ಮೋಸ ಮಾಡಿಲ್ಲ. ಡಿಸ್ಕ್ ತಯಾರಕರು ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ. ವಿಂಡೋಸ್ 1024ರ ಮೇಲೆ 1024ರಂತೆ ಗುಣಿಸಿ ಎಣಿಸುತ್ತದೆ. ಎರಡೂ ಒಂದೇ ಜಾಗ. ಎರಡು ಪದರದ ಡಿಸ್ಕಿನಲ್ಲಿ 8.5 ಜಿಬಿ ಹಿಡಿಯುತ್ತದೆ. ಸಿನಿಮಾ ಡಿವಿಡಿಗಳು ಹೆಚ್ಚಾಗಿ ಈ ಬಗೆಯವು. ‘ಎಂಟು ಜಿಬಿಯನ್ನು ನಾಲ್ಕಕ್ಕೆ ಇಳಿಸುವ’ ಹಂಬಲ ಹುಟ್ಟಿದ್ದೇ ಇಲ್ಲಿಂದ: ಎರಡು ಪದರದ ಸಿನಿಮಾವನ್ನು ಒಂದು ಪದರದ ಅಗ್ಗದ ಖಾಲಿ ಡಿಸ್ಕಿಗೆ ತುಂಬಬೇಕಿತ್ತು.

ಈಗ ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಡಿವಿಡಿಯ ಒಂದು ಚಿತ್ರ 720 ಅಗಲ, 576 ಎತ್ತರದ ಚುಕ್ಕೆಗಳದ್ದು. ಸೆಕೆಂಡಿಗೆ ಇಂಥ 25 ಚಿತ್ರಗಳು. ಏನನ್ನೂ ಒತ್ತದೆ ಹಾಗೇ ಇಟ್ಟರೆ ಸೆಕೆಂಡಿಗೆ ಸುಮಾರು 124 ಮೆಗಾಬಿಟ್ ಬೇಕು. ಎರಡು ಗಂಟೆಯ ಮದುವೆಯನ್ನು 4.7 ಜಿಬಿ ಡಿಸ್ಕಿಗೆ ಹಿಡಿಸಬೇಕಾದರೆ ಸೆಕೆಂಡಿಗೆ ಸಿಗುವುದು ಸುಮಾರು 5.2 ಮೆಗಾಬಿಟ್, ಅದೂ ಧ್ವನಿಯನ್ನು ಸೇರಿಸಿ. ಅಂದರೆ ಸ್ಟುಡಿಯೊದವರು ಡಿಸ್ಕ್ ಕೈಗೆ ಕೊಡುವ ಹೊತ್ತಿಗೇ ಚಿತ್ರವನ್ನು ಹೆಚ್ಚುಕಡಿಮೆ 25ರಲ್ಲಿ ಒಂದು ಪಾಲಿಗೆ ಇಳಿಸಿ ಆಗಿರುತ್ತದೆ. ಬೀಗರ ಒತ್ತಾಯಕ್ಕೆ ನಾಲ್ಕು ಗಂಟೆಯ ಕಾರ್ಯಕ್ರಮವನ್ನು ಒಂದೇ ಡಿಸ್ಕಿಗೆ ತುರುಕಿದ್ದರೆ ಸೆಕೆಂಡಿಗೆ 2.6 ಮೆಗಾಬಿಟ್ ಮಾತ್ರ.

ಫೈಲಿನ ಸೈಜ್ ಎಂದರೆ ಇಷ್ಟೇ: ಸೆಕೆಂಡಿಗೆ ಎಷ್ಟು ಬಿಟ್, ಒಟ್ಟು ಎಷ್ಟು ಸೆಕೆಂಡ್, ಎರಡರ ಗುಣಾಕಾರ. ಯಾವ ಸೆಟ್ಟಿಂಗೂ ಈ ಮಗ್ಗಿಯಿಂದ ತಪ್ಪಿಸಿಕೊಳ್ಳಲಾರದು. ಸೈಜ್ ಅರ್ಧ ಆಯಿತು ಎಂದರೆ ಒಂದೊಂದು ಸೆಕೆಂಡಿಗೆ ಸಿಗುವ ಬಿಟ್‌ಗಳೂ ಅರ್ಧ ಆದವು ಎಂದೇ ಅರ್ಥ.

ಸೀರೆ ನೇಯ್ದ ಹಾಗೆ

25ರಲ್ಲಿ ಒಂದು ಪಾಲಿಗೆ ಇಳಿಸಿದರೂ ಡಿವಿಡಿ ನೋಡಲು ಚೆನ್ನಾಗಿರುತ್ತದಲ್ಲ, ಅದು ಹೇಗೆ? ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸೀರೆಯ ವಿವರವನ್ನು ಫೋನಿನಲ್ಲಿ ಹೇಳಬೇಕಾದರೆ ಎಳೆ ಎಳೆಯಾಗಿ ಯಾರೂ ಹೇಳುವುದಿಲ್ಲ. ಒಡಲು ಹಸಿರು, ಉದ್ದಕ್ಕೂ ಇದೇ ಚೌಕುಳಿ, ದಡಿ ಕೆಂಪು, ಸೆರಗು ಮಾತ್ರ ಬೇರೆ ಎಂದರೆ ಮುಗಿಯಿತು. ಪುನರಾವರ್ತನೆ ಆಗುವುದನ್ನು ಒಮ್ಮೆ ಹೇಳಿ, ಬದಲಾಗುವುದನ್ನು ಮಾತ್ರ ಬಿಡಿಸಿ ಹೇಳುತ್ತೇವೆ.

ಡಿವಿಡಿ ಬಳಸುವ ಎಂಪೆಗ್-2 ವಿಧಾನ ಮಾಡುವುದೂ ಅದನ್ನೇ. ಸುಮಾರು ಅರ್ಧ ಸೆಕೆಂಡಿಗೆ ಒಂದು ಚಿತ್ರವನ್ನು ಪೂರ್ತಿಯಾಗಿ ಇಟ್ಟುಕೊಳ್ಳುತ್ತದೆ. ನಡುವಿನ ಚಿತ್ರಗಳಿಗೆ ‘ಹಿಂದಿನದರ ಹಾಗೇ, ಈ ತುಂಡು ಇಷ್ಟು ಬಲಕ್ಕೆ ಸರಿದಿದೆ, ಇಲ್ಲಿ ಇಷ್ಟು ಬದಲಾಗಿದೆ’ ಎಂಬ ಟಿಪ್ಪಣಿ ಮಾತ್ರ. ಮಂಟಪದ ಹಿಂದಿನ ಪರದೆ ಅಲುಗಾಡುವುದಿಲ್ಲ, ಆದ್ದರಿಂದ ಅದಕ್ಕೆ ಬಿಟ್‌ಗಳ ಖರ್ಚೇ ಇಲ್ಲ ಎನ್ನಬಹುದು.

ಪೂರ್ತಿಯಾಗಿ ಇಟ್ಟುಕೊಂಡ ಚಿತ್ರವನ್ನೂ ಒತ್ತಲಾಗುತ್ತದೆ. ಚಿತ್ರವನ್ನು ಎಂಟು ಅಡ್ಡ, ಎಂಟು ಉದ್ದದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ 64 ಚುಕ್ಕೆಗಳನ್ನು 64 ಸಂಖ್ಯೆಗಳಾಗಿ ಬದಲಿಸುತ್ತಾರೆ. ಮೊದಲ ಕೆಲವು ಸಂಖ್ಯೆಗಳು ಚೌಕದ ಒಟ್ಟಾರೆ ಬೆಳಕು, ನಿಧಾನವಾದ ಏರಿಳಿತಗಳನ್ನು ಹೇಳುತ್ತವೆ. ಕೊನೆಯವು ಹೇಳುವುದು ಬಹಳ ಸೂಕ್ಷ್ಮ ವಿವರಗಳನ್ನು: ಜರಿಯ ಎಳೆ, ಚೌಕುಳಿಯ ಗೆರೆ, ಕೂದಲಿನ ಎಳೆ. ನಮ್ಮ ಕಣ್ಣು ಮೊದಲಿನವನ್ನು ಚೆನ್ನಾಗಿ ಗುರುತಿಸುತ್ತದೆ, ಕೊನೆಯವುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೆ ಗಮನಿಸುವುದಿಲ್ಲ. ಹಾಗಾಗಿ ಕೊನೆಯವನ್ನು ಒರಟಾಗಿ ಸುತ್ತುಗಟ್ಟಿದರೆ ನಡೆಯುತ್ತದೆ.

ಚುಕ್ಕೆಗಳನ್ನು ಹೀಗೆ ಸಂಖ್ಯೆಗಳಾಗಿ ಬದಲಿಸುವ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚುಟುಕಾಗಿ ಡಿಸಿಟಿ ಎಂದು ಹೆಸರು. ಇದನ್ನು ಕಂಡುಹಿಡಿದವರು ನಮ್ಮವರೇ ಎಂಬುದು ಅನೇಕರಿಗೆ ಗೊತ್ತಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಮುಗಿಸಿ ಅಮೆರಿಕಕ್ಕೆ ಹೋದ ನಾಸಿರ್ ಅಹಮದ್ ಅವರ ಕಲ್ಪನೆ ಇದು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಈ ಸಂಶೋಧನೆಗೆ ಹಣ ಕೊಡಿ ಎಂದು ಅವರು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ನಿಗೆ ಅರ್ಜಿ ಹಾಕಿದರು; ಅರ್ಜಿ ತಿರಸ್ಕೃತವಾಯಿತು. ಕಲ್ಪನೆ ತೀರಾ ಸರಳವಾಯಿತು ಎಂಬ ಧಾಟಿಯ ಟಿಪ್ಪಣಿಯೂ ಬಂದಿತ್ತು ಎಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಹಣವಿಲ್ಲದೆಯೇ ಕೆಲಸ ಮುಂದುವರಿಸಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರ ಜೊತೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ವಿಡಿಯೊ ಸಿಡಿ, ಡಿವಿಡಿ, ಜೆಪೆಗ್ ಫೋಟೊ ಎಲ್ಲವೂ ಅದರ ಮೇಲೆಯೇ ನಿಂತಿವೆ. ನೀವು ದಿನಾ ಬೆಳಿಗ್ಗೆ ಗ್ರೂಪಿಗೆ ಕಳಿಸುವ ಶುಭೋದಯದ ಹೂವಿನ ಚಿತ್ರದೊಳಗೂ ಬೆಂಗಳೂರಿನ ಹುಡುಗನ ಗಣಿತ ಕೂತಿದೆ.

ಹೋದದ್ದು ಯಾಕೆ ವಾಪಸು ಬರುವುದಿಲ್ಲ?

ಡಿಸಿಟಿಯಿಂದಲೇ ನಷ್ಟ ಆಗುವುದಿಲ್ಲ. ನಷ್ಟ ಆಗುವುದು ಅದರ ನಂತರದ ಸುತ್ತುಗಟ್ಟುವ ಹಂತದಲ್ಲಿ. ಒಂದೇ ಒಂದು ಸಂಖ್ಯೆಯನ್ನು ಹಿಡಿದು ನೋಡಿದರೆ ಸಾಕು.

ಕ್ಯಾಮೆರಾದಿಂದ ಬಂದ ಸಂಖ್ಯೆ 37 ಎಂದುಕೊಳ್ಳಿ. ಸ್ಟುಡಿಯೊದವರು ಡಿವಿಡಿ ಮಾಡುವಾಗ ಅದನ್ನು 8ರಿಂದ ಭಾಗಿಸಿದರು. ಬಂದದ್ದು 4.6, ಅದನ್ನು 5 ಎಂದು ಬರೆದುಕೊಂಡರು. ಡಿವಿಡಿ ನೋಡುವಾಗ ಪ್ಲೇಯರ್ 5ನ್ನು 8ರಿಂದ ಗುಣಿಸಿ 40 ಎಂದು ತೋರಿಸುತ್ತದೆ. 37 ಹೋಗಿ 40 ಆಯಿತು. ಮೂರರ ವ್ಯತ್ಯಾಸ, ಕಣ್ಣಿಗೆ ಕಾಣುವುದಿಲ್ಲ.

ಈಗ ನೀವು ಆ ಡಿವಿಡಿಯನ್ನು ಅರ್ಧಕ್ಕೆ ಕುಗ್ಗಿಸಲು ಹೊರಟಿರಿ. ಸಾಫ್ಟ್‌ವೇರ್ ಇನ್ನೂ ಒರಟಾಗಿ, 16ರಿಂದ ಭಾಗಿಸುತ್ತದೆ. ಅದರ ಕೈಯಲ್ಲಿ ಇರುವುದು 37 ಅಲ್ಲ, 40. ಭಾಗಿಸಿದರೆ 2.5, ಸುತ್ತುಗಟ್ಟಿದರೆ 3. ವಾಪಸು ಗುಣಿಸಿದರೆ 48. ಮೂಲಕ್ಕೂ ಇದಕ್ಕೂ ಈಗ 11ರ ಅಂತರ. ಅದೇ 37ನ್ನು ಮೊದಲ ಸಲವೇ 16ರಿಂದ ಭಾಗಿಸಿದ್ದರೆ 2 ಬಂದು, ತಿರುಗಿ 32 ಆಗುತ್ತಿತ್ತು. ಅಂತರ 5 ಮಾತ್ರ. ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸಿದರೆ ತಪ್ಪಿನ ಮೇಲೆ ತಪ್ಪು ಕೂಡುವುದು ಹೀಗೆ.

ಇನ್ನು ‘ಕ್ವಾಲಿಟಿ ಮ್ಯಾಕ್ಸಿಮಮ್’ಗೆ ಇಟ್ಟು ಆ 48ನ್ನು ಮತ್ತೆ ಉಳಿಸಿದರೆ? ಅದು 48 ಆಗಿಯೇ ಉಳಿಯುತ್ತದೆ, ಬಹಳ ನಿಷ್ಠೆಯಿಂದ. ಫೈಲ್ ಮಾತ್ರ ದಪ್ಪ ಆಗುತ್ತದೆ. ಕುಗ್ಗಿಸಿದ ವಿಡಿಯೊದ ಬಿಟ್‌ರೇಟ್ ಏರಿಸಿ ‘ಎಚ್‌ಡಿ ಮಾಡಿದ್ದೇನೆ’ ಎನ್ನುವವರ ಫೈಲಿನಲ್ಲಿ ಆಗಿರುವುದು ಇದೇ.

ಅಕ್ಕಿಕಾಳು ಬೀಳುವ ಕ್ಷಣ

ನಷ್ಟ ಎಲ್ಲ ಕಡೆ ಒಂದೇ ಸಮ ಆಗುವುದಿಲ್ಲ. ಊಟದ ಪಂಕ್ತಿ, ಸಾಲಾಗಿ ಕೂತ ಹಿರಿಯರು, ನಿಧಾನವಾಗಿ ತಿರುಗುವ ಕ್ಯಾಮೆರಾ: ಇವೆಲ್ಲ ಸುಲಭದ ದೃಶ್ಯಗಳು. ಕಡಿಮೆ ಬಿಟ್‌ಗಳಲ್ಲಿ ಮುಗಿಯುತ್ತವೆ.

ಕಷ್ಟ ಬರುವುದು ಅಕ್ಕಿಕಾಳಿನ ಹೊತ್ತಿಗೆ. ಗಟ್ಟಿಮೇಳ ಶುರುವಾಗುತ್ತದೆ, ನೂರಾರು ಕೈಗಳು ಒಟ್ಟಿಗೆ ಮೇಲೇಳುತ್ತವೆ, ಹಳದಿ ಅಕ್ಕಿ ಎಲ್ಲ ದಿಕ್ಕಿನಿಂದ ಬೀಳುತ್ತದೆ. ಪ್ರತಿ ಕಾಳೂ ತನ್ನದೇ ದಾರಿಯಲ್ಲಿ ಹಾರುತ್ತದೆ. ‘ಹಿಂದಿನ ಚಿತ್ರದ ಹಾಗೇ, ಸ್ವಲ್ಪ ಬಲಕ್ಕೆ’ ಎಂಬ ಟಿಪ್ಪಣಿ ಇಲ್ಲಿ ನಡೆಯುವುದೇ ಇಲ್ಲ, ಏಕೆಂದರೆ ಹಿಂದಿನ ಚಿತ್ರಕ್ಕೂ ಈ ಚಿತ್ರಕ್ಕೂ ಹೋಲಿಕೆಯೇ ಇರುವುದಿಲ್ಲ. ಅದರ ಮೇಲೆ ಫೋಟೊಗ್ರಾಫರನ ಫ್ಲ್ಯಾಶ್. ಒಂದು ಚಿತ್ರ ಪೂರ್ತಿ ಬೆಳ್ಳಗೆ, ಮುಂದಿನದು ಮತ್ತೆ ಮಾಮೂಲು. ಹಿನ್ನೆಲೆಯಲ್ಲಿ ಜರಿಯ ಸೀರೆಗಳು ಅಲುಗಾಡುತ್ತಿರುತ್ತವೆ. ಬಿಟ್‌ಗಳ ಬೇಡಿಕೆ ಒಮ್ಮೆಲೇ ಏರುತ್ತದೆ. ಡಿವಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 9.8 ಮೆಗಾಬಿಟ್‌ಗಿಂತ ಹೆಚ್ಚು ಕೊಡುವಂತಿಲ್ಲ, ಅದು ನಿಯಮ. ಹೀಗಾಗಿ ಮೂಲ ಡಿಸ್ಕಿನಲ್ಲೇ ಆ ಕ್ಷಣ ಸ್ವಲ್ಪ ಚೌಕ ಚೌಕವಾಗಿ ಒಡೆದಿರುವುದುಂಟು. ಅದನ್ನೇ ಅರ್ಧಕ್ಕೆ ಕುಗ್ಗಿಸಿದರೆ ಮದುಮಗಳ ಮುಖ ಚೌಕಗಳ ಹಿಂದೆ ಹೋಗುತ್ತದೆ.

ಇಡೀ ಡಿಸ್ಕಿನಲ್ಲಿ ಜನ ನಿಲ್ಲಿಸಿ ನೋಡುವುದು ಆ ಅರ್ಧ ನಿಮಿಷವನ್ನೇ. ಕುಗ್ಗಿಸಿದ ಫೈಲ್ ಚೆನ್ನಾಗಿದೆಯೇ ಎಂದು ಪರೀಕ್ಷಿಸುವವರು ಸಾಮಾನ್ಯವಾಗಿ ಶುರುವಿನ ಟೈಟಲ್ ಅಥವಾ ಎಲ್ಲೋ ನಡುವಿನ ದೃಶ್ಯ ನೋಡಿ ‘ವ್ಯತ್ಯಾಸ ಇಲ್ಲ’ ಎನ್ನುತ್ತಾರೆ. ನೋಡಬೇಕಾದದ್ದು ಅಕ್ಕಿಕಾಳಿನ ದೃಶ್ಯ.

ಹಾಗಾದರೆ ಆ ಸೆಟ್ಟಿಂಗ್ ಯಾವುದು?

ಇಂಥ ಸಲಹೆಗಳು ಹೆಚ್ಚಾಗಿ ಸುತ್ತುವುದು ಡಿವಿಡಿ ಶ್ರಿಂಕ್ ಎಂಬ ಹಳೆಯ ವಿಂಡೋಸ್ ಸಾಫ್ಟ್‌ವೇರಿನ ಸುತ್ತ. ಉಚಿತವಾಗಿದ್ದ ಇದರ ಕೊನೆಯ ಆವೃತ್ತಿ 3.2 ಬಂದದ್ದು 2004ರಲ್ಲಿ. ಆಮೇಲೆ ಬೆಳವಣಿಗೆ ನಿಂತಿದೆ. ಇದರ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ, ‘2025ರ ಹೊಸ ವರ್ಷನ್’ ಎಂದು ಲಿಂಕ್ ಕೊಟ್ಟರೆ ಅಥವಾ ಮೊಬೈಲಿಗೆ ಎಪಿಕೆ ಫೈಲ್ ಕಳಿಸಿದರೆ ಮುಟ್ಟಬೇಡಿ.

ಇದರಲ್ಲಿ ಬ್ಯಾಕಪ್ ಒತ್ತಿದಾಗ ತೆರೆಯುವ ಕಿಟಕಿಯಲ್ಲಿ ಕ್ವಾಲಿಟಿ ಸೆಟ್ಟಿಂಗ್ಸ್ ಎಂಬ ಟ್ಯಾಬ್ ಇದೆ. ಮೊದಲ ಟ್ಯಾಬಿನಲ್ಲೇ ಓಕೆ ಒತ್ತಿಬಿಡುವುದರಿಂದ ಬಹಳ ಜನ ಇದನ್ನು ನೋಡಿರುವುದಿಲ್ಲ. ‘ಗುಪ್ತ’ ಎಂಬ ಬಿರುದು ಬಂದದ್ದು ಬಹುಶಃ ಹೀಗೆ. ಅಲ್ಲಿ ಇರುವುದು ಎರಡು ಸಂಗತಿ.

ಮೊದಲನೆಯದು ಡೀಪ್ ಅನಾಲಿಸಿಸ್. ಇದನ್ನು ಆನ್ ಮಾಡಿದರೆ ಸಾಫ್ಟ್‌ವೇರ್ ಕುಗ್ಗಿಸುವ ಮೊದಲು ಇಡೀ ವಿಡಿಯೊವನ್ನು ಒಮ್ಮೆ ಓದಿ ನೋಡುತ್ತದೆ. ಎಲ್ಲಿ ಸುಲಭ, ಎಲ್ಲಿ ಕಷ್ಟ ಎಂದು ಗುರುತು ಹಾಕಿಕೊಂಡು, ಎರಡನೇ ಸುತ್ತಿನಲ್ಲಿ ಪಂಕ್ತಿಯ ಊಟದಿಂದ ಬಿಟ್‌ಗಳನ್ನು ಉಳಿಸಿ ಅಕ್ಕಿಕಾಳಿಗೆ ಕೊಡುತ್ತದೆ. ಒಟ್ಟು ಸೈಜ್ ಅಷ್ಟೇ, ಹಂಚಿಕೆ ಮಾತ್ರ ಜಾಣತನದ್ದು. ಸಮಯ ಹೆಚ್ಚು ಹಿಡಿಯುತ್ತದೆ ಎಂಬುದು ಬಿಟ್ಟರೆ ಇದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ. ಈ ಸಾಫ್ಟ್‌ವೇರಿನಲ್ಲಿ ಕುಗ್ಗಿಸಲೇಬೇಕು ಎಂದಾದರೆ ಇದನ್ನು ಆನ್ ಮಾಡಿ ಎಂದೇ ನಾವು ಹೇಳುತ್ತೇವೆ.

ಎರಡನೆಯದು ಅಡಾಪ್ಟಿವ್ ಎರರ್ ಕಾಂಪೆನ್ಸೇಶನ್. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಡಿವಿಡಿ ಶ್ರಿಂಕ್ ವಿಡಿಯೊವನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದಿಲ್ಲ. ಒತ್ತಿಟ್ಟ ಸಂಖ್ಯೆಗಳನ್ನು ಹಾಗೇ ಹಿಡಿದು, ನಾವು ಮೇಲೆ ನೋಡಿದಂತೆ, ಮತ್ತಷ್ಟು ಒರಟಾಗಿ ಸುತ್ತುಗಟ್ಟುತ್ತದೆ. ಅದಕ್ಕೇ ಅದು ಅಷ್ಟು ವೇಗ. ಆದರೆ ಒಂದು ತೊಡಕಿದೆ. ನಡುವಿನ ಚಿತ್ರಗಳೆಲ್ಲ ಪೂರ್ಣ ಚಿತ್ರವನ್ನು ನಂಬಿಕೊಂಡಿರುತ್ತವೆ. ಪೂರ್ಣ ಚಿತ್ರದಲ್ಲಿ 40 ಇದ್ದದ್ದು 48 ಆದರೆ, ಅದನ್ನು ನೋಡಿ ಬರೆದ ಮುಂದಿನ ಚಿತ್ರಗಳೂ ಅದೇ ತಪ್ಪನ್ನು ಹೊತ್ತು ಸಾಗುತ್ತವೆ, ತಮ್ಮದನ್ನೂ ಸೇರಿಸುತ್ತವೆ. ಮುಂದಿನ ಪೂರ್ಣ ಚಿತ್ರ ಬಂದಾಗ ಎಲ್ಲ ಒಮ್ಮೆ ಸರಿಹೋಗುತ್ತದೆ, ಮತ್ತೆ ಕೆಡಲು ಶುರು. ಗೋಡೆಯ ಮೇಲೆ, ಮುಖದ ಮೇಲೆ ಏನೋ ಮಿಡಿಯುವಂತೆ ಕಾಣುವುದು ಇದರಿಂದಲೇ. ಈ ಸೆಟ್ಟಿಂಗ್ ಹೀಗೆ ಸೇರುವ ತಪ್ಪನ್ನು ಅಂದಾಜು ಮಾಡಿ ಮುಂದಿನ ಚಿತ್ರಗಳಲ್ಲಿ ಸರಿದೂಗಿಸಲು ನೋಡುತ್ತದೆ.

ಇದರೊಳಗೆ ನಾಲ್ಕು ಆಯ್ಕೆಗಳಿವೆ: ಶಾರ್ಪ್, ಸ್ಮೂತ್ ಮತ್ತು ಅವೆರಡರ ಮ್ಯಾಕ್ಸಿಮಮ್ ರೂಪಗಳು. ಶಾರ್ಪ್ ಇಟ್ಟರೆ ಚೌಕುಳಿ, ಜರಿ, ಕೂದಲು ಹೆಚ್ಚು ಉಳಿಯುತ್ತವೆ, ಜೊತೆಗೆ ಚೌಕಗಳೂ ಮಿಡಿತವೂ ಹೆಚ್ಚು ಕಾಣುತ್ತವೆ. ಸ್ಮೂತ್ ಇಟ್ಟರೆ ಚೌಕಗಳು ಅಡಗುತ್ತವೆ, ಆದರೆ ಚೌಕುಳಿ ಸೀರೆ ಒಂದೇ ಬಣ್ಣದ ಸೀರೆಯಂತೆ ಆಗುತ್ತದೆ. ‘ಯಾವುದು ಬೆಸ್ಟ್?’ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರ ಇಲ್ಲ. ಮ್ಯಾಕ್ಸಿಮಮ್ ಎಂಬ ಪದ ನೋಡಿ ಕ್ವಾಲಿಟಿ ಮ್ಯಾಕ್ಸಿಮಮ್ ಆಗುತ್ತದೆ ಎಂದುಕೊಳ್ಳುವುದು ಇಲ್ಲಿನ ದೊಡ್ಡ ತಪ್ಪು ತಿಳಿವಳಿಕೆ. ಅಲ್ಲಿ ಮ್ಯಾಕ್ಸಿಮಮ್ ಆಗುವುದು ಚೂಪು ಅಥವಾ ನಯ, ಎರಡರಲ್ಲಿ ಒಂದು. ಮದುವೆ ವಿಡಿಯೊಗೆ ನಾವಾದರೆ ಎರಡೂ ಮ್ಯಾಕ್ಸಿಮಮ್‌ಗಳನ್ನು ಬಿಟ್ಟು ಮಾಮೂಲಿ ಶಾರ್ಪ್ ಹಿಡಿಯುತ್ತೇವೆ: ಸ್ವಲ್ಪ ಚೌಕ ಕಂಡರೂ ಪರವಾಗಿಲ್ಲ, ಅಮ್ಮನ ಧಾರೆ ಸೀರೆಯ ದಡಿ ಗುರುತು ಸಿಗಬೇಕು.

ಕುಗ್ಗಿಸದೆಯೇ ಜಾಗ ಉಳಿಸುವ ದಾರಿಯೂ ಅದರಲ್ಲೇ ಇದೆ. ಸಿನಿಮಾ ಡಿಸ್ಕಿನಲ್ಲಿ ಮೂರ್ನಾಲ್ಕು ಭಾಷೆಯ ಧ್ವನಿ, ಟ್ರೇಲರುಗಳು ಇರುತ್ತವೆ. ಬೇಡದ್ದನ್ನು ತೆಗೆದರೆ ಮುಖ್ಯ ಚಿತ್ರಕ್ಕೆ ಪೆಟ್ಟು ಬೀಳುವುದಿಲ್ಲ. ಮದುವೆ ಡಿಸ್ಕಿನಲ್ಲಿ ಇರುವುದು ಒಂದೇ ಧ್ವನಿ, ಹೆಚ್ಚೆಂದರೆ ಗುಲಾಬಿ ಎಸಳು ಉದುರುವ ಒಂದು ಮೆನು. ತೆಗೆಯಲು ಅಂಥದ್ದೇನೂ ಸಿಗುವುದಿಲ್ಲ.

ಈಗ ಕುಗ್ಗಿಸುವುದಾದರೆ

ಡಿಸ್ಕಿನಿಂದ ಡಿಸ್ಕಿಗೆ ಹಿಡಿಸುವ ಕಾಲ ಮುಗಿದಿದೆ. ಈಗ ಬೇಕಿರುವುದು ಮೊಬೈಲಿನಲ್ಲಿ ಓಡುವ ಫೈಲ್. ಅದಕ್ಕೆ ಹ್ಯಾಂಡ್‌ಬ್ರೇಕ್‌ನಂಥ ಉಚಿತ, ಮುಕ್ತ ಸಾಫ್ಟ್‌ವೇರ್ ಸಾಕು. ಇದು ವಿಡಿಯೊವನ್ನು ಪೂರ್ತಿ ಬಿಚ್ಚಿ, ಎಂಪೆಗ್-2ಕ್ಕಿಂತ ಜಾಣವಾದ ಎಚ್.264 ವಿಧಾನದಲ್ಲಿ ಹೊಸದಾಗಿ ಕಟ್ಟುತ್ತದೆ. ಅದೇ ಬಿಟ್‌ಗಳಲ್ಲಿ ಹೆಚ್ಚು ವಿವರ ಹಿಡಿಯುತ್ತದೆ. ಇಲ್ಲಿಯೂ ಜನ ಗಮನಿಸದ ಸೆಟ್ಟಿಂಗ್‌ಗಳಿವೆ.

ಆರ್‌ಎಫ್ ಎಂಬ ಜಾರುಪಟ್ಟಿ ಅದರಲ್ಲಿ ಮುಖ್ಯ. ಸಂಖ್ಯೆ ಕಡಿಮೆ ಆದಷ್ಟೂ ಕ್ವಾಲಿಟಿ ಹೆಚ್ಚು, ಫೈಲ್ ದೊಡ್ಡದು. ಇದನ್ನು ಉಲ್ಟಾ ತಿಳಿದು 30ಕ್ಕೋ 35ಕ್ಕೋ ಏರಿಸುವವರೂ ಇದ್ದಾರೆ. ಡಿವಿಡಿ ಅಳತೆಯ ವಿಡಿಯೊಗೆ ಹ್ಯಾಂಡ್‌ಬ್ರೇಕ್‌ನವರೇ ಸೂಚಿಸುವುದು 18ರಿಂದ 22. ಸಂಖ್ಯೆಯನ್ನು 6ರಷ್ಟು ಏರಿಸಿದರೆ ಫೈಲ್ ಹೆಚ್ಚುಕಡಿಮೆ ಅರ್ಧ ಆಗುತ್ತದೆ ಎಂಬುದು ಒರಟು ಲೆಕ್ಕ. ನಾವು ಮದುವೆ ಡಿಸ್ಕಿಗೆ 18 ಅಥವಾ 19 ಇಡುತ್ತೇವೆ. ಸೈಜ್ ಮೊದಲೇ ನಿಗದಿ ಮಾಡುವ ಬದಲು ಕ್ವಾಲಿಟಿ ನಿಗದಿ ಮಾಡಿದರೆ ಅಕ್ಕಿಕಾಳಿಗೆ ಬೇಕಾದಷ್ಟು ಬಿಟ್‌ಗಳನ್ನು ಅದೇ ತೆಗೆದುಕೊಳ್ಳುತ್ತದೆ.

ಎರಡನೆಯದು ಡೀಇಂಟರ್‌ಲೇಸ್. ಆಗಿನ ವಿಡಿಯೊ ಕ್ಯಾಮೆರಾಗಳು ಒಂದು ಚಿತ್ರವನ್ನು ಎರಡು ಕಂತಿನಲ್ಲಿ ಹಿಡಿಯುತ್ತಿದ್ದವು: ಮೊದಲು ಬೆಸ ಗೆರೆಗಳು, ಸೆಕೆಂಡಿನ 50ನೇ ಒಂದು ಭಾಗದ ನಂತರ ಸಮ ಗೆರೆಗಳು, ಅಥವಾ ಮೊದಲು ಸಮ, ಆಮೇಲೆ ಬೆಸ. ಹಳೆಯ ಟಿವಿಗೆ ಅದು ಸರಿ ಇತ್ತು. ಮೊಬೈಲಿನಲ್ಲಿ ಎರಡೂ ಒಟ್ಟಿಗೆ ಕಂಡು, ಬೀಸಿದ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಮೂಡುತ್ತವೆ. ಡಿಸ್ಕ್ ಕೆಟ್ಟಿದೆ ಎಂದು ಜನ ಎಸೆಯುವುದಕ್ಕೆ ಇದೂ ಒಂದು ಕಾರಣ. ಡಿಸ್ಕ್ ಕೆಟ್ಟಿರುವುದಿಲ್ಲ, ಡೀಇಂಟರ್‌ಲೇಸ್ ಅಥವಾ ಡೀಕೋಂಬ್ ಆನ್ ಮಾಡಿದರೆ ಗೆರೆಗಳು ಹೋಗುತ್ತವೆ. ಆಫ್ ಇಟ್ಟು ಕುಗ್ಗಿಸಿದರೆ ಆ ಹಲ್ಲುಗಳು ಚಿತ್ರದಲ್ಲೇ ಬೆಸೆದು ಹೋಗುತ್ತವೆ, ಆಮೇಲೆ ಬಿಡಿಸುವುದು ಕಷ್ಟ.

ಚಿತ್ರದ ಆಕಾರದ ಬಗ್ಗೆ ಒಂದು ಮಾತು. ಹಳೆಯ ಮದುವೆ ಡಿಸ್ಕುಗಳು 4:3 ಆಕಾರದವು. ಅಗಲ ಪರದೆಗೆ ತುಂಬಲಿ ಎಂದು 16:9ಕ್ಕೆ ಹಿಗ್ಗಿಸಿದರೆ ತೆಳ್ಳಗಿದ್ದ ಮದುಮಗನೂ ದಪ್ಪಗಾಗುತ್ತಾನೆ. ಎರಡೂ ಬದಿ ಕಪ್ಪು ಪಟ್ಟಿ ಇರಲಿ ಬಿಡಿ. ಡೀನಾಯ್ಸ್ ಎಂಬ ಸೆಟ್ಟಿಂಗನ್ನೂ ಜೋರಾಗಿ ಇಡಬೇಡಿ. ರಾತ್ರಿ ಆರತಕ್ಷತೆಯ ದೃಶ್ಯದಲ್ಲಿ ಕಾಣುವ ಕಾಳು ಕಾಳಾದ ಮಬ್ಬನ್ನು ಅಳಿಸುವಾಗ ಅದು ಚರ್ಮದ ಸುಕ್ಕನ್ನೂ ಅಳಿಸುತ್ತದೆ.

ಹೀಗೆ ಮಾಡಿದ ಎರಡು ಗಂಟೆಯ ಫೈಲ್ ಸೆಕೆಂಡಿಗೆ ಎರಡು ಮೆಗಾಬಿಟ್ ತೆಗೆದುಕೊಂಡರೆ 1.8 ಜಿಬಿ ಆಗುತ್ತದೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬಹುದಾದ ಮಿತಿ 2 ಜಿಬಿ. ಡಾಕ್ಯುಮೆಂಟ್ ಆಗಿ ಎಂಬುದು ಮುಖ್ಯ. ಗ್ಯಾಲರಿಯಿಂದ ವಿಡಿಯೊ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಮತ್ತೆ ಒತ್ತುತ್ತದೆ. ಎಚ್‌ಡಿ ಎಂದು ಆರಿಸಿದರೆ ಒತ್ತುವುದು ಕಡಿಮೆ, ಆದರೆ ಒತ್ತುವುದು ಒತ್ತುವುದೇ. ಆ ವಿಡಿಯೊವನ್ನು ಇಳಿಸಿಕೊಂಡವರು ಇನ್ನೊಂದು ಆ್ಯಪ್‌ಗೆ ಹಾಕುತ್ತಾರೆ, ಅಲ್ಲಿಂದ ಮತ್ತೊಬ್ಬರು ಸ್ಟೇಟಸ್‌ಗೆ. 37 ಹೋಗಿ 40, 40 ಹೋಗಿ 48 ಆದದ್ದು ನೆನಪಿದೆಯಲ್ಲ, ಪ್ರತಿ ಹಂತದಲ್ಲೂ ಅದೇ ಕಥೆ.

ಎಐ ಬಳಸಿ ಹಳೆಯ ವಿಡಿಯೊವನ್ನು ‘4ಕೆ’ ಮಾಡಿಕೊಡುತ್ತೇವೆ ಎನ್ನುವ ಆ್ಯಪ್‌ಗಳ ವಿಷಯ ಬೇರೆ. ಅವು ಕಳೆದ ವಿವರವನ್ನು ಹುಡುಕಿ ತರುವುದಿಲ್ಲ, ಲಕ್ಷಾಂತರ ಬೇರೆ ಚಿತ್ರಗಳನ್ನು ನೋಡಿ ಕಲಿತದ್ದರ ಮೇಲೆ ಇಲ್ಲಿ ಹೀಗಿದ್ದಿರಬಹುದು ಎಂದು ಹೊಸದಾಗಿ ಬಿಡಿಸುತ್ತವೆ. ಚೂಪಾಗಿ ಕಾಣುವ ಆ ಕಣ್ಣು ನಿಮ್ಮ ಅಜ್ಜಿಯದೇ ಆಗಿರಬೇಕೆಂದಿಲ್ಲ.

ಕಾನೂನಿನ ವಿಷಯ ಎರಡೇ ಸಾಲಿನಲ್ಲಿ: ಸ್ಟುಡಿಯೊದವರು ಬರೆದುಕೊಟ್ಟ ಮದುವೆ ಡಿಸ್ಕಿನಲ್ಲಿ ಸಾಮಾನ್ಯವಾಗಿ ಬೀಗ ಇರುವುದಿಲ್ಲ, ಮನೆಯ ಬಳಕೆಗೆ ಕಾಪಿ ಮಾಡಿಕೊಳ್ಳಲು ಅಡ್ಡಿಯಿಲ್ಲ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕಿನಲ್ಲಿ ಬೀಗ ಇರುತ್ತದೆ. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಅದನ್ನು ಮುರಿಯುವುದು ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ ಅಪರಾಧ.

ಮೊದಲು ಕಾಪಿ, ಆಮೇಲೆ ಉಳಿದದ್ದು

ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ಡಿಸ್ಕಿನಲ್ಲಿರುವುದನ್ನು ಇದ್ದಂತೆಯೇ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಬೇಕು. ಡಿವಿಡಿಯನ್ನು ತೆರೆದರೆ ವಿಡಿಯೋ ಟಿಎಸ್ ಎಂಬ ಫೋಲ್ಡರ್ ಕಾಣುತ್ತದೆ. ಒಳಗೆ ಒಂದೊಂದು ಜಿಬಿ ಮೀರದ ವಿಒಬಿ ಫೈಲುಗಳು, ಅವುಗಳ ಜೊತೆ ಸಣ್ಣ ಸಣ್ಣ ಫೈಲುಗಳು. ಸಣ್ಣವನ್ನು ಬೇಡವೆಂದು ಬಿಡಬೇಡಿ. ಯಾವ ದೃಶ್ಯ ಎಲ್ಲಿ ಶುರು ಎಂಬ ಲೆಕ್ಕ ಇರುವುದು ಅವುಗಳಲ್ಲಿ. ಇಡೀ ಫೋಲ್ಡರನ್ನು ಕಾಪಿ ಮಾಡಿ, ಅಥವಾ ಇಡೀ ಡಿಸ್ಕನ್ನು ಒಂದು ಐಎಸ್ಒ ಫೈಲ್ ಆಗಿ ಉಳಿಸಿ. ಹೀಗೆ ಮಾಡಿದಾಗ ಒಂದು ಬಿಟ್ ಕೂಡ ಬದಲಾಗುವುದಿಲ್ಲ. 4.7 ಜಿಬಿ ಎಂಬುದು ಇವತ್ತಿನ ಲೆಕ್ಕದಲ್ಲಿ ದೊಡ್ಡದೇನಲ್ಲ, 32 ಜಿಬಿಯ ಪೆನ್‌ಡ್ರೈವಿನಲ್ಲಿ ಇಂಥ ಆರು ಡಿಸ್ಕ್ ಹಿಡಿಯುತ್ತವೆ. ಪೆನ್‌ಡ್ರೈವ್ ಒಂದನ್ನೇ ನಂಬದೆ ಇನ್ನೊಂದು ಕಡೆಯೂ ಇಡಿ.

ಇದಕ್ಕೆ ಅವಸರವೂ ಇದೆ. ಸ್ಟುಡಿಯೊಗಳಲ್ಲಿ ಬರೆದ ಡಿಸ್ಕುಗಳು ಸಿನಿಮಾ ಡಿಸ್ಕಿನಂತೆ ಅಚ್ಚೊತ್ತಿದವಲ್ಲ. ಅವುಗಳಲ್ಲಿ ಮಾಹಿತಿ ಇರುವುದು ಒಂದು ಬಗೆಯ ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವಕ್ಕೆ ಆ ಬಣ್ಣ ಮಾಸುತ್ತದೆ. ಕೊಪ್ಪಳದ ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮನೆಯ ಅಟ್ಟದ ಮೇಲಿಟ್ಟ ಡಿಸ್ಕ್ ಎಷ್ಟು ಬಿಸಿ ತಿಂದಿರುತ್ತದೆ ಎಂದು ಹೇಳಬೇಕಾಗಿಲ್ಲ.

ಗೀರು ಬಿದ್ದ ಡಿಸ್ಕಿಗೆ ಟೂತ್‌ಪೇಸ್ಟ್ ಹಚ್ಚಿ ಎಂಬ ಸಲಹೆಯೂ ಬಹಳ ಓಡಾಡಿದೆ. ಅದರಲ್ಲಿ ಅರ್ಧ ಸತ್ಯ ಇದೆ. ಪೇಸ್ಟಿನಲ್ಲಿರುವ ನಯವಾದ ಪುಡಿ ಮೇಲ್ಮೈಯ ಪ್ಲಾಸ್ಟಿಕ್ಕನ್ನು ಸ್ವಲ್ಪ ಸವೆಸಿ, ಆಳವಿಲ್ಲದ ಗೀರನ್ನು ಮಟ್ಟ ಮಾಡಬಹುದು. ಹೊಸ ಗೀರುಗಳನ್ನೂ ಹಾಕಬಹುದು. ಮಾಸಿದ ಬಣ್ಣಕ್ಕೆ ಅದರಿಂದ ಏನೂ ಆಗದು. ಬೇರೆ ಕಾಪಿ ಇಲ್ಲದ ಡಿಸ್ಕಿನ ಮೇಲೆ ಈ ಪ್ರಯೋಗ ಬೇಡ. ಮೊದಲು ಒದ್ದೆ ಮಾಡಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ದುಂಡಗೆ ಒರೆಸಬೇಡಿ. ದುಂಡಗಿನ ಗೀರು ಮಾಹಿತಿಯ ಸಾಲಿನ ಉದ್ದಕ್ಕೇ ಬೀಳುತ್ತದೆ, ಪ್ಲೇಯರಿನ ತಪ್ಪು ತಿದ್ದುವ ಲೆಕ್ಕಾಚಾರಕ್ಕೆ ಅದನ್ನು ದಾಟುವುದು ಕಷ್ಟ. ಆಗಲೂ ಓದದಿದ್ದರೆ ಬೇರೆ ಕಂಪ್ಯೂಟರಿನ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಬಿಟ್ಟದ್ದನ್ನು ಇನ್ನೊಂದು ಓದುವುದು ಅಪರೂಪವಲ್ಲ. ಡಿಡಿರೆಸ್ಕ್ಯೂ ಎಂಬ ಉಚಿತ ಸಾಫ್ಟ್‌ವೇರ್ ಓದಲಾಗುವುದನ್ನೆಲ್ಲ ಮೊದಲು ತೆಗೆದುಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮತ್ತೆ ಮತ್ತೆ ಹೋಗುತ್ತದೆ.

ಕಾಪಿ ಆದ ಮೇಲೆ ವಿಎಲ್‌ಸಿಯಲ್ಲಿ ತೆರೆದು ಕೊನೆಯ ಹತ್ತು ನಿಮಿಷವನ್ನು ತಪ್ಪದೇ ನೋಡಿ. ಡಿವಿಡಿಯನ್ನು ಬರೆಯುವುದು ನಡುವಿನಿಂದ ಶುರುವಾಗಿ ಅಂಚಿನ ಕಡೆಗೆ ಸಾಗುತ್ತದೆ. ಡಿಸ್ಕ್ ತುಂಬಿದ್ದರೆ ಅರಿಶಿಣ, ಸುರಗಿಯ ದೃಶ್ಯಗಳು ಒಳಗಡೆ ಸುರಕ್ಷಿತವಾಗಿರುತ್ತವೆ. ಹೆಣ್ಣನ್ನು ಒಪ್ಪಿಸಿಕೊಡುವ ದೃಶ್ಯ ಇರುವುದು ತೀರಾ ಹೊರ ಅಂಚಿನಲ್ಲಿ, ಎಲ್ಲರೂ ಬೆರಳಿಟ್ಟು ಹಿಡಿಯುವ ಜಾಗದಲ್ಲಿ.